ಮೋತ್ಯಾನನ್ನು ಕಟ್ಟಿಹಾಕಿದ ದಿನ

ನಿನ್ನೆ ಬೆಳಿಗ್ಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಕಟ್ಟೆಯ ಮೇಲಿದ್ದ ಮೊಬೈಲು ಸದ್ದು ಮಾಡಿತು. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿಗಳು ಒಂದು ಚಿತ್ರ ಹಾಕಿದ್ದರು: ನಾಯಿಯ ಮುಖ, ಅದರ ಮೇಲೊಂದು ಕೆಂಪು ಗೀಟು. ಕೆಳಗೆ ದಪ್ಪ ಅಕ್ಷರದಲ್ಲಿ, ದೀಪಾವಳಿಯ ಸ್ನೇಹಕೂಟಕ್ಕೆ ಯಾರೂ ನಾಯಿ ಕರೆತರಬಾರದು, ಇದನ್ನು ತೀರ್ಮಾನಿಸಲು ಸಂಜೆ ಗಾರ್ಡನ್ನಿನಲ್ಲಿ ಸಭೆ ಇದೆ, ಎಲ್ಲರೂ ಬರಬೇಕು ಎಂದಿತ್ತು. ಚಿತ್ರದ ನಾಯಿ ವಿಲಾಯ್ತಿ ಜಾತಿಯದು. ಅಷ್ಟು ಕೂದಲಿನ ನಾಯಿ ನಮ್ಮ ಮುಂಡರಗಿಯಲ್ಲಿದ್ದರೆ ಒಂದು ಬೇಸಿಗೆಯನ್ನೂ ದಾಟಲಿಕ್ಕಿಲ್ಲ. ನನ್ನ ಕಣ್ಣು ಮಾತ್ರ ಅದರ ಕಿವಿಯ ಮೇಲೆ ನಿಂತಿತು. ಒಂದು ಕಿವಿ ನೆಟ್ಟಗಿತ್ತು, ಇನ್ನೊಂದು ಪಕ್ಕಕ್ಕೆ ತಿರುಗಿತ್ತು. ಆ ಕಡೆಯಿಂದ ಯಾರೋ ಮಾತಾಡಿದ್ದಾರೆ, ಇದು ಕೇಳಿಸಿಕೊಂಡಿದೆ ಎಂದುಕೊಂಡೆ. ಅಷ್ಟರಲ್ಲಿ ಒಗ್ಗರಣೆ ಸೀದಿತ್ತು.

ಮಂದಿ ಮಧ್ಯಾಹ್ನದವರೆಗೂ ಗುಂಪಿನಲ್ಲಿ ಬಡಿದಾಡಿದರು. ನಮ್ಮ ಟಾಮಿ ನಮಗೆ ಮಗುವಿದ್ದಂತೆ ಎಂದು ಒಬ್ಬರು. ಮಗುವಾದರೆ ಅಂಗನವಾಡಿಗೆ ಕಳಿಸಿ ಎಂದು ಇನ್ನೊಬ್ಬರು. ಪಟಾಕಿ ಹಾರಿಸುವವರಿಗೆ ಇಲ್ಲದ ನಿರ್ಬಂಧ ನಾಯಿಗೇಕೆ ಎಂದು ಮೂರನೆಯವರು. ನಾನೂ ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ನನ್ನ ಬೆರಳುಗಳು ಬಹಳ ಜೋರಾಗಿ ಓಡುತ್ತವೆ ಎಂದು ಸೊಸೆಯಂದಿರು ಹೊಗಳುತ್ತಾರೆ. ಒಂದು ಕಾಲಕ್ಕೆ ಅದೇ ನನ್ನ ನೌಕರಿಯಾಗಿತ್ತು ಎಂದು ಅವರಿಗೆ ಹೇಳಿದರೂ ಅವರು ನಂಬಿದ ಹಾಗೆ ಕಾಣುವುದಿಲ್ಲ.

ನೀವು ಕೇಳಿದರೆ ನಾನು ಕಾರ್ಯದರ್ಶಿಯ ಕಡೆಯವಳೇ. ಸಾವಿರ ಕಾಲು ತುಳಿದಾಡುವ ಜಾಗದಲ್ಲಿ, ಸ್ಪೀಕರ್ ಪೆಟ್ಟಿಗೆಗಳು ಎದೆ ನಡುಗಿಸುವ ಕಡೆಯಲ್ಲಿ, ನಾಯಿಗೆ ಏನು ಕೆಲಸ? ಅದಕ್ಕೂ ಸುಖವಿಲ್ಲ, ಮಂದಿಗೂ ಸುಖವಿಲ್ಲ. ಆದರೂ ನನಗೊಂದು ಚಟ ಅಂಟಿಕೊಂಡಿದೆ. ಮದುವೆಯಲ್ಲೋ ಸಭೆಯಲ್ಲೋ ನಾಯಿ ಹಿಡಿದುಕೊಂಡು ಬಂದವರನ್ನು ಕಂಡರೆ ಮೆಲ್ಲಗೆ ಅವರ ಬೆನ್ನ ಹಿಂದೆ ಹೋಗಿ ಏನಾದರೊಂದು ಮಾತಾಡಿಸಿ ನೋಡುತ್ತೇನೆ. ಗದಗಿನ ಒಂದು ಮದುವೆಯಲ್ಲಿ ಒಬ್ಬ ಹೆಣ್ಣುಮಗಳು ಬೆಚ್ಚಿಬಿದ್ದು ಕೈಯಲ್ಲಿದ್ದ ಪಾಯಸವನ್ನು ನನ್ನ ರೇಷ್ಮೆ ಸೀರೆಯ ಮೇಲೆಯೇ ಚೆಲ್ಲಿದ್ದಳು. ಇಷ್ಟು ವರ್ಷ ಎಲ್ಲರೂ ನನ್ನ ಮಾತು ಕೇಳಿ ತಿರುಗಿದವರೇ. ಈ ಹುಚ್ಚು ಯಾಕೆ ಹಿಡಿಯಿತೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ನನ್ನ ತವರು ಬೆಟಗೇರಿಗೆ ಬರಬೇಕು.

ನಮ್ಮದು ನೇಕಾರರ ಓಣಿ. ಕೈಮಗ್ಗಗಳು ಅಟ್ಟ ಸೇರಿ ಕರೆಂಟಿನ ಮಗ್ಗಗಳು ಬಂದಿದ್ದವು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಪ್ಪನದೊಂದು ಜೋಡಿ ಮಗ್ಗ, ಪಕ್ಕದಲ್ಲಿ ಹುಸೇನಸಾಬ ಕಾಕಾನದೊಂದು ಜೋಡಿ. ಎಲ್ಲ ಒಟ್ಟಿಗೆ ಹೊಡೆಯಲು ಹತ್ತಿದರೆ ಅಡುಗೆ ಮನೆಯ ತಾಟುಗಳು ತಾವಾಗಿಯೇ ಸರಿದು ಅಂಚಿಗೆ ಬರುತ್ತಿದ್ದವು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಮಗ್ಗದವರು ತುಟಿ ನೋಡಿ ಮಾತು ತಿಳಿಯುತ್ತಾರೆ, ಕೈಯಿಂದ ಉತ್ತರ ಕೊಡುತ್ತಾರೆ. ಅಂಗೈಯನ್ನು ಅತ್ತಿತ್ತ ಆಡಿಸಿದರೆ ಲಾಳಿ ಬೇಕು ಎಂದು. ಎರಡು ತೋರುಬೆರಳು ಕೂಡಿಸಿ ಸರಕ್ಕನೆ ದೂರ ಎಳೆದರೆ ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂದು. ನಾನೂ ತಂಗಿಯೂ ಈ ಭಾಷೆಯಲ್ಲಿ ಅವ್ವನ ಎದುರಿಗೇ ಅವ್ವನನ್ನು ಆಡಿಕೊಳ್ಳುತ್ತಿದ್ದೆವು. ಅವಳೂ ಮಗ್ಗದ ಮನೆಯಲ್ಲಿ ಹುಟ್ಟಿದವಳೆಂಬುದು ಬೆನ್ನ ಮೇಲೆ ಗುದ್ದು ಬಿದ್ದಾಗಲೇ ನೆನಪಾಗುತ್ತಿತ್ತು.

ಹೀಗಾಗಿ ಅಪ್ಪನ ಕಿವಿ ಯಾವಾಗ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಒಂದು ದಿನ ಕರೆಂಟು ಹೋಗಿ ಶೆಡ್ಡು ಗಪ್ಪಾಗಿತ್ತು. ಅಪ್ಪ ಬಾಗಿಲಿಗೆ ಬೆನ್ನು ಮಾಡಿ ಎಳೆ ಕೂಡಿಸುತ್ತ ಕುಳಿತಿದ್ದ. ಅವ್ವ ಊಟಕ್ಕೆ ಕರೆದಳು, ಮತ್ತೆ ಕರೆದಳು, ಕೊನೆಗೆ ಕಿರುಚಿದಳು. ಅಪ್ಪ ತಿರುಗಲಿಲ್ಲ. ಮಗ್ಗದ ಕೆಳಗೆ ಮಲಗಿದ್ದ ನಾಯಿಮರಿ ಎದ್ದು ಬಂದು ಅವನ ಮೊಣಕಾಲಿಗೆ ಮೂಗು ತಾಗಿಸಿತು. ಅಪ್ಪ ಮರಿಯನ್ನು ನೋಡಿದ, ಮರಿ ನೋಡುತ್ತಿದ್ದ ಕಡೆ ನೋಡಿದ, ಅವ್ವನನ್ನು ಕಂಡು ಬಂದೆ ಎಂದು ನಕ್ಕ. ಅವ್ವ ಬಾಗಿಲಿಗೆ ಒರಗಿ ಅಲ್ಲೇ ಕುಳಿತುಬಿಟ್ಟಳು.

ಆ ಮರಿಯೇ ಮೋತ್ಯಾ. ಹುಸೇನಸಾಬ ಕಾಕಾ ಡೋಣಿ ಊರಿನ ಕುರಿಗಾರರ ಹತ್ತಿರ ಬೇಡಿ ತಂದದ್ದು. ಮಣ್ಣಿನ ಬಣ್ಣ, ಉದ್ದ ಕಾಲು, ಕುರಿಗೆಂದು ಹುಟ್ಟಿ ನೂಲಿನ ಮನೆ ಸೇರಿದ್ದ. ಅವನಿಗೆ ಯಾರೂ ಏನೂ ಕಲಿಸಲಿಲ್ಲ. ಯಾರು ಮಾತಾಡಿದರೆ ಅವರ ಕಡೆ ಮುಖ ತಿರುಗಿಸುವುದು ಅವನ ಸ್ವಭಾವವಾಗಿತ್ತು, ಅವನ ಮುಖ ನೋಡುವುದನ್ನು ಅಪ್ಪ ಕಲಿತ. ಮಾತಾಡುವವರು ಯಾರೆಂದು ಗೊತ್ತಾದರೆ ಸಾಕು, ಉಳಿದದ್ದನ್ನು ತುಟಿ ಹೇಳುತ್ತಿತ್ತು. ಇದು ಗೊತ್ತಿದ್ದವರು ನಾವು ಮನೆಯವರು ಮತ್ತು ಹುಸೇನಸಾಬ ಕಾಕಾ. ಹೊರಗೆ ಉಸಿರೆತ್ತಬಾರದೆಂದು ಅವ್ವ ನಮಗೆ ತಾಕೀತು ಮಾಡಿದ್ದಳು.

"ಮನ್ಯಾಗ ಎರಡು ಹೆಣ್ಣು ಅದಾವ. ಮನಿತನದಾಗ ಕಿವುಡು ಐತಿ ಅಂತ ಸುದ್ದಿ ಹಬ್ಬಿತಂದ್ರ ಹೊಸ್ತಲಾ ತುಳಿಯೋರು ಯಾರು?" ಎಂದಿದ್ದಳು.

ನಮ್ಮಲ್ಲಿ ಮದುವೆ, ಜಗಳ, ಪಾಲು ಎಲ್ಲಕ್ಕೂ ಜಾತಿಯ ಹಿರಿಯರು, ಓಣಿಯವರು ಒಂದೆಡೆ ಕೂಡುತ್ತಾರೆ. ಹಾಗೆ ಕೂಡಿದ ಮಂದಿಗೆ ದೈವ ಎನ್ನುತ್ತೇವೆ. ದೈವದ ಮುಂದೆ ಆಡಿದ ಮಾತು ಆಡಿದ್ದೇ, ಹಿಂದೆ ತೆಗೆಯುವ ರೂಢಿಯಿಲ್ಲ. ಅಪ್ಪ ಅಲ್ಲಿ ದೊಡ್ಡ ಹಿರಿಯ. ಮೋತ್ಯಾ ಅವನ ಮುಂದೆ ಜಮಖಾನೆಯ ಅಂಚಿನಲ್ಲಿ ಮಲಗಿ ಮಾತು ಬಂದ ಕಡೆಗೆಲ್ಲ ತಲೆ ತಿರುಗಿಸುತ್ತಿದ್ದ. ಅಪ್ಪ ಮೊದಲು ನಾಯಿಯನ್ನು ನೋಡಿ, ಆಮೇಲೆ ಆಸಾಮಿಯನ್ನು ನೋಡಿ, ಸ್ವಲ್ಪ ಹೊತ್ತು ಬಿಟ್ಟು ಉತ್ತರ ಕೊಡುತ್ತಿದ್ದ. ಮಂದಿ ಅದನ್ನು ವಿಚಾರವಂತಿಕೆ ಎಂದು ತಿಳಿದರು. ದುಡುಕಿ ಮಾತಾಡುವ ಮನುಷ್ಯನಲ್ಲ ಎಂದು ಶಿರಹಟ್ಟಿ, ಲಕ್ಷ್ಮೇಶ್ವರದ ತನಕ ಹೆಸರಾಯಿತು. ಪಕ್ಕದೂರಿನ ಪಾಲುಪಟ್ಟಿಗೆ ಕೂಡ ಅವನನ್ನು ಕರೆಯತೊಡಗಿದರು. ನಾನು ಆಮೇಲೆ ಎಷ್ಟೋ ದೊಡ್ಡ ಮಂದಿಯನ್ನು ವೇದಿಕೆಯ ಮೇಲೆ ನೋಡಿದ್ದೇನೆ. ತಡೆದು ಮಾತಾಡುವವರನ್ನು ಕಂಡರೆ ಇವರ ನಾಯಿ ಎಲ್ಲಿ ಎಂದು ಹುಡುಕುವುದು ಬಿಟ್ಟಿಲ್ಲ.

ಮೋತ್ಯಾನ ಬಗ್ಗೆ ತಕರಾರು ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಒಂದು ಸೀಮಂತದಲ್ಲಿ ಊಟದ ಪಂಕ್ತಿಗೆ ನುಗ್ಗಿ ಹೋಳಿಗೆಯ ಬುಟ್ಟಿ ಮುಟ್ಟಿದ, ಅಷ್ಟೂ ಹೋಳಿಗೆ ದನಕ್ಕೆ ಹೋಯಿತು. ಬಾಲ ಎಳೆದ ಒಂದು ಕೂಸಿನ ಕೈಗೆ ಹಲ್ಲು ತಾಗಿಸಿದ, ರಕ್ತ ಬರಲಿಲ್ಲವಾದರೂ ಕೂಸಿನ ಅಜ್ಜಿ ನಮ್ಮ ಮನೆಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು ಹೋದಳು. ಮೆರವಣಿಗೆಯ ಹಲಗೆ ಬಡಿದಾಗ ಅವನು ಗಡಗಡ ನಡುಗುತ್ತಿದ್ದ. ಅಪ್ಪ ಅವನ ಬೆನ್ನ ಮೇಲೆ ಕೈ ಇಟ್ಟಿರುತ್ತಿದ್ದ. ಕೇಳದವನ ಸಲುವಾಗಿ ಕೇಳುವವನು ಆ ಸದ್ದನ್ನೆಲ್ಲ ಸಹಿಸಬೇಕಾಗಿತ್ತು. ಆ ಮುದುಕನಿಗೆ ನಾಯಿಯ ಸೊಕ್ಕು, ನಾಯಿಯಿಲ್ಲದೆ ದೈವಕ್ಕೆ ಬರುವುದಿಲ್ಲ ಎಂದು ಓಣಿಯವರು ಆಡಿಕೊಂಡರು. ಅಪ್ಪನಿಗೆ ಅದು ಅನುಕೂಲವೇ ಆಗಿತ್ತು. ಕಿವುಡ ಎನ್ನುವುದಕ್ಕಿಂತ ಸೊಕ್ಕಿನವ ಎನ್ನಲಿ ಎಂದುಕೊಂಡಿದ್ದ.

ಅದೇ ಹೊತ್ತಿಗೆ ಗದಗ ಜಿಲ್ಲೆಯಾಯಿತು. ಹೊಸ ಜಿಲ್ಲೆಯೆಂದರೆ ಮೊದಲು ನಮಗೆ ಕಂಡದ್ದು ಬೋರ್ಡುಗಳು. ಧಾರವಾಡ ಜಿಲ್ಲೆ ಎಂದಿದ್ದುದರ ಮೇಲೆ ಬಣ್ಣ ಬಳಿದು ಗದಗ ಜಿಲ್ಲೆ ಎಂದು ಬರೆದಿದ್ದರು. ಬಣ್ಣ ತೆಳುವಾದ ಕಡೆ ಧಾರವಾಡ ಇಣುಕುತ್ತಿತ್ತು. ಬಾಡಿಗೆ ಮನೆಗಳಲ್ಲಿ ಕಚೇರಿಗಳು ಶುರುವಾದವು, ಹೊಸ ಮಂದಿ ಬೇಕಾದರು. ಅಂಥ ಒಂದು ಕಚೇರಿಯಲ್ಲಿ ನಾನು ಟೈಪಿಸ್ಟ್ ಆದೆ. ಯಾರದೋ ಮಲಗುವ ಕೋಣೆಯಾಗಿದ್ದ ಜಾಗದಲ್ಲಿ ನನ್ನ ಮೇಜು, ಗೋಡೆಯ ಗೂಡಿನಲ್ಲಿ ಇನ್ನೂ ಅವರ ದೇವರ ಪಟದ ಗುರುತು. ಯಂತ್ರದಲ್ಲಿ ಒಂದೆರಡು ಅಕ್ಷರ ಅಂಟಿಕೊಳ್ಳುತ್ತಿದ್ದವು, ಉಗುರಿನಿಂದ ಎಬ್ಬಿಸಬೇಕಾಗುತ್ತಿತ್ತು. ಪ್ರತಿ ಪತ್ರದ ನೆತ್ತಿಯಲ್ಲಿ ಹೊಸ ಜಿಲ್ಲೆಯ ಹೆಸರು ಹೊಡೆಯುವಾಗ ಈ ಜಿಲ್ಲೆಯನ್ನು ನಾನೇ ಮಾಡುತ್ತಿದ್ದೇನೆ ಎಂಬಷ್ಟು ಬಿಂಕ ನನಗೆ. ನಗಬೇಡಿ, ಆಗ ನನ್ನ ವಯಸ್ಸೇ ಅಂಥದು. ಅಪ್ಪನೂ ಕಡಿಮೆಯವನಲ್ಲ. ಸಂಜೆ ನಾನು ಬರುವುದನ್ನೇ ಕಾದು ಕುಳಿತು, ಇಂದು ಏನೇನು ಟೈಪು ಮಾಡಿದೆ ಎಂದು ಕೇಳುತ್ತಿದ್ದ. ನಾನು ಅವನ ಎದುರಿಗೆ ಕುಳಿತು, ತುಟಿ ಬಿಡಿಸಿ ಬಿಡಿಸಿ, ಸರಕಾರಿ ಪತ್ರಗಳನ್ನು ಒಪ್ಪಿಸುತ್ತಿದ್ದೆ.

ಮುಂಡರಗಿಯ ಸಂಬಂಧ ತಂದವನು ಶಿರಹಟ್ಟಿಯ ಸೋದರಮಾವ. ಬಟ್ಟೆ ಅಂಗಡಿಯ ಮನೆತನ, ಹುಡುಗ ಅಂಗಡಿ ನೋಡಿಕೊಳ್ಳುತ್ತಾನೆ, ಮನೆಗೆ ಹಿರಿಯನೆಂದರೆ ಹುಡುಗನ ದೊಡ್ಡಪ್ಪ ವೀರಭದ್ರಪ್ಪನವರು. ಹುಡುಗನನ್ನು ನಾನು ನೋಡಿದೆ, ಬೇಡವೆನ್ನಲು ಕಾರಣ ಸಿಗಲಿಲ್ಲ. ಆದರೆ ಅಂಗಡಿಯವರ ಮನೆಗಳಲ್ಲಿ ಸೊಸೆ ನೌಕರಿಗೆ ಹೋಗುವುದಿಲ್ಲವೆಂದು ಕೇಳಿದ್ದೆ. ನಿಶ್ಚಯದ ಹಿಂದಿನ ದಿನ ಅಪ್ಪನ ಎದುರು ಕುಳಿತು ಆ ಮಾತು ಎತ್ತಿದೆ. ಅವನು ನನ್ನ ತುಟಿಯನ್ನು ಕೊನೆಯವರೆಗೂ ನೋಡಿದ.

"ನೌಕರಿ ಬಿಡಸೂ ಮಾತು ತಗದ್ರ ಇಲ್ಲ ಅಂತ ಅಲ್ಲೇ ಹೇಳ್ತೀನಿ. ದೈವದ ಮುಂದನ ಹೇಳ್ತೀನಿ. ಸಂಬಂಧ ಹೋದ್ರ ಹೋಗಲಿ, ನೀ ಚಿಂತಿ ಮಾಡಬ್ಯಾಡ," ಎಂದ.

ನಾನು ಚಿಂತೆ ಬಿಟ್ಟು ಹೋಗಿ ಮಲಗಿದೆ. ಅಪ್ಪ ದೈವದ ಮುಂದೆ ಹೇಳುತ್ತೇನೆಂದರೆ ಅದು ಆದ ಹಾಗೆಯೇ.

ಬೆಳಿಗ್ಗೆ ಸೋದರಮಾವ ಒಂದು ಮಾತು ತಂದ. ಬೀಗರು ಹೊರಡುವ ಮುಂಚೆ ಹೇಳಿ ಕಳಿಸಿದ್ದರು, ಕೂಡುವ ಜಾಗದಲ್ಲಿ ನಾಯಿ ಇರಬಾರದು. ಹುಡುಗನ ಅಕ್ಕನ ಕೂಸಿಗೆ ಈಚೆಗೆ ಬೀದಿನಾಯಿ ಕಡಿದು, ಹೊಕ್ಕಳ ಸುತ್ತ ಸೂಜಿ ಹಾಕಿಸಿಕೊಂಡಿತ್ತು. ನಾಯಿ ಕಂಡರೆ ಸಾಕು, ಮೈಯೆಲ್ಲ ಬಿಗಿಹಿಡಿದು ಉಚ್ಚೆ ಹೊಯ್ದುಕೊಳ್ಳುತ್ತಿತ್ತಂತೆ. ಹೇಳಿ, ಇದಕ್ಕೆ ಯಾರು ಏನನ್ನಬೇಕು? ಇದು ದರ್ಪವಾಗಿದ್ದರೆ ನಾನು ಇಷ್ಟು ವರ್ಷ ಬೈಯುತ್ತ ಹಗುರಾಗುತ್ತಿದ್ದೆ. ಅವರು ಕೇಳಿದ್ದು ನ್ಯಾಯವಾಗಿತ್ತು. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಾಗುತ್ತಿತ್ತು, ಕಾರಣ ಹೇಳಲು ನಮ್ಮ ಬಾಯಿ ಕಟ್ಟಿತ್ತು. ಅಪ್ಪ ಒಂದು ಗಳಿಗೆ ಅವ್ವನ ಮುಖ ನೋಡಿದ. ಆಮೇಲೆ ತಾನೇ ಮೋತ್ಯಾನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಮಗ್ಗದ ಕಾಲಿಗೆ ಕಟ್ಟಿ ಬಂದ.

ಓಣಿಯ ಕೊನೆಯಲ್ಲಿ ನಮ್ಮ ಸಮಾಜದ ಹಾಲ್ ಇತ್ತು. ಗಂಡಸರು ಜಮಖಾನೆಯ ಮೇಲೆ, ನಾವು ಹೆಂಗಸರು ಒಳಕೋಣೆಯ ಬಾಗಿಲಲ್ಲಿ. ಹುಸೇನಸಾಬ ಕಾಕಾ ಬಿಳಿ ಟೊಪ್ಪಿಗೆ ಹಾಕಿಕೊಂಡು ಎದುರು ಗೋಡೆಗೆ ಕುಳಿತಿದ್ದ. ಅಂದು ಮಗ್ಗಗಳು ನಿಂತಿದ್ದವು. ಹಾಗಾಗಿ ಓಣಿಯ ಆ ತುದಿಯಿಂದ ಮೋತ್ಯಾ ಬೊಗಳುವುದು ಎಲ್ಲರಿಗೂ ಕೇಳುತ್ತಿತ್ತು. ಮೊದಲು ಬೊಗಳಿದ, ಆಮೇಲೆ ಗೋಳಿಟ್ಟ. ಯಾರೋ ನಗುತ್ತ, ನಿಮ್ಮ ಮೋತ್ಯಾ ನಿಮ್ಮನ್ನ ಕರೆಯಾಕತ್ತಾನ ನೋಡ್ರಿ ಎಂದರು. ಅಪ್ಪನಿಗೆ ಅವರ ಮುಖ ಕಾಣುತ್ತಿರಲಿಲ್ಲ. ಅಷ್ಟು ಮಂದಿಯ ನಡುವೆ ಆ ಗೋಳು ಕೇಳದಿದ್ದವನು ಅವನೊಬ್ಬನೇ, ಬೆನ್ನು ನೆಟ್ಟಗೆ ಮಾಡಿ ನಗುಮುಖದಿಂದ ಕುಳಿತಿದ್ದ. ನನಗೆ ಅಂದು ಅವನ ಮೇಲೆ ಬಂದಷ್ಟು ಕರುಣೆ ಆಮೇಲೆ ಅವನು ಹಾಸಿಗೆ ಹಿಡಿದಾಗಲೂ ಬರಲಿಲ್ಲ.

ನಮ್ಮಲ್ಲಿ ನಿಶ್ಚಯಕ್ಕೆ ಬೀಗರಿಬ್ಬರೂ ಒಂದೇ ಗಾದಿಯ ಮೇಲೆ, ಹೆಗಲಿಗೆ ಹೆಗಲು ತಾಗಿಸಿ, ದೈವಕ್ಕೆ ಮುಖ ಮಾಡಿ ಕೂಡಬೇಕು. ಎದುರುಬದುರು ಕುಳಿತರೆ ಅದು ಜಗಳಕ್ಕೆ ಕೂತ ಹಾಗೆ. ಮುಂದೆ ತಾಟಿನಲ್ಲಿ ಎಲೆ, ಅಡಿಕೆ, ಸಕ್ಕರೆ. ಗಂಡಿನ ಕಡೆಯ ಹಿರಿಯ ದೈವದ ಮುಂದೆ, ಹೆಣ್ಣು ಕೊಡಲು ಒಪ್ಪಿಗೆಯೇ ಎಂದು ಕೇಳುತ್ತಾನೆ. ಹೆಣ್ಣಿನ ತಂದೆ ಎಲೆ ಅಡಿಕೆ ಎತ್ತಿ ಎದೆಗೆ ಒತ್ತಿಕೊಂಡು ತಲೆ ಬಾಗಿಸುತ್ತಾನೆ. ಅಲ್ಲಿಗೆ ಮುಗಿಯಿತು. ಎಷ್ಟೋ ನಿಶ್ಚಯ ಮಾಡಿಸಿದ ಅಪ್ಪನಿಗೆ ಇದು ಬಾಯಿಪಾಠ.

ವೀರಭದ್ರಪ್ಪನವರು ಆ ಮಾತಿಗೆ ಮೊದಲು ಇನ್ನೊಂದು ಮಾತು ಕೇಳಿದರು. ಕೆಟ್ಟ ದನಿಯಲ್ಲಿ ಕೇಳಲಿಲ್ಲ, ಸಂಕೋಚದಿಂದಲೇ ಕೇಳಿದರು.

"ನಮ್ಮ ಮನಿ ಸೊಸಿ ದಿನಾ ಬಸ್ ಹತ್ತಿ ಗದಗಿಗೆ ಹೋಗೂದು ನಮಗ ಒಗ್ಗೂದಿಲ್ರಿ. ಮದವಿ ಆದಮ್ಯಾಲೆ ಹುಡುಗಿ ನೌಕರಿ ಬಿಡಬೇಕಾಕ್ಕೈತಿ. ದೈವದ ಮುಂದ ಕೇಳಾಕತ್ತೀನಿ, ಒಪ್ಪಿಗಿ ಐತೇನ್ರಿ?"

ಹೆಗಲ ಪಕ್ಕದ ತುಟಿ ಅಪ್ಪನಿಗೆ ಕಾಣಲಿಲ್ಲ, ಅವನು ಎದುರಿನ ಮಂದಿಯನ್ನು ನೋಡಿದ. ಎಲ್ಲರ ಮುಖವೂ ತನ್ನ ಕಡೆ ತಿರುಗಿದೆ, ಯಾರ ತುಟಿಯೂ ಆಡುತ್ತಿಲ್ಲ. ಪ್ರಶ್ನೆ ಆಗಿದೆ ಎಂದು ತಿಳಿಯಿತು. ಮೊದಲ ಪ್ರಶ್ನೆ ಯಾವುದಿರಬೇಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೈ ತಾಟಿನ ಕಡೆ ಹೋಯಿತು. ಎದುರು ಗೋಡೆಯಲ್ಲಿದ್ದ ಹುಸೇನಸಾಬ ಕಾಕಾ ಅರ್ಧ ಎದ್ದು, ಎರಡೂ ತೋರುಬೆರಳು ಕೂಡಿಸಿ ಸರಕ್ಕನೆ ಎಳೆದ. ಎಳೆ ಹರಿದಿದೆ, ನಿಲ್ಲಿಸು. ಮತ್ತೆ ಕೂಡಿಸಿ ಮತ್ತೆ ಎಳೆದ. ಅಪ್ಪನ ಕಣ್ಣು ಎಲೆ ಅಡಿಕೆಯ ಮೇಲಿತ್ತು. ಎತ್ತಿ ಎದೆಗೆ ಒತ್ತಿಕೊಂಡ, ತಲೆ ಬಾಗಿಸಿದ.

ನಾನು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಇಟ್ಟಿದ್ದೆ. ಅವ್ವ ನನ್ನ ಮುಂಗೈ ಹಿಡಿದುಕೊಂಡಳು. ಬಳೆ ಒಡೆದು ಗಾಯವಾಗುವಷ್ಟು ಬಿಗಿಯಾಗಿ ಹಿಡಿದಳು.

"ಸುಮ್ಕಿರು. ತಂಗಿ ಇನ್ನೂ ಅದಾಳ," ಎಂದಳು, ದನಿಯಿಲ್ಲದೆ, ಬರೀ ತುಟಿಯಲ್ಲಿ.

ಮನೆಗೆ ಬಂದ ಕೂಡಲೆ ಅಪ್ಪ ಶೆಡ್ಡಿಗೆ ಹೋಗಿ ಮೋತ್ಯಾನ ಹಗ್ಗ ಬಿಚ್ಚಿದ. ಎಳೆದೆಳೆದು ಅವನ ಕುತ್ತಿಗೆಯ ಕೂದಲು ಕಿತ್ತುಹೋಗಿತ್ತು. ಅಪ್ಪ ಅದಕ್ಕೆ ಅರಿಷಿಣ ಹಚ್ಚುತ್ತ ನನ್ನನ್ನು ಹತ್ತಿರ ಕರೆದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಎಂದೂ ನೋಡಿರಲಿಲ್ಲ.

"ನೋಡವಾ, ನೌಕರಿ ಮಾತು ಒಬ್ಬರೂ ತಗೀಲಿಲ್ಲ. ಚಲೋ ಮಂದಿ ಅದಾರ," ಎಂದ.

ನಾನು ಹೂಂ ಎಂದು ತಲೆಯಾಡಿಸಿದೆ. ಮೋತ್ಯಾ ನಾನು ಮಾತಾಡಬಹುದೆಂದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಹೇಳಿದ್ದರೆ ಅಪ್ಪ ಅಂದೇ ಮುಂಡರಗಿಗೆ ಹೊರಡುತ್ತಿದ್ದ. ನನಗೆ ಕೇಳಿಸಲಿಲ್ಲ ಎಂದರೆ ಕಿವುಡನಾಗುತ್ತಿದ್ದ, ಕೇಳಿಸಿತ್ತು ಆದರೂ ಒಲ್ಲೆ ಎಂದರೆ ದೈವಕ್ಕೆ ಮಾತು ತಪ್ಪಿದವನಾಗುತ್ತಿದ್ದ. ಎರಡರಲ್ಲಿ ಯಾವುದಾದರೂ, ತಂಗಿ ಮದುವೆಯಿಲ್ಲದೆ ಮನೆಯಲ್ಲೇ ಉಳಿಯುತ್ತಿದ್ದಳು. ಅವ್ವ ಇದನ್ನೆಲ್ಲ ಲೆಕ್ಕ ಹಾಕಿ ಮುಗಿಸಿದ್ದಳು, ಆ ಲೆಕ್ಕದಲ್ಲಿ ನಾನು ಕಳೆದುಹೋಗಿದ್ದೆ ಅಷ್ಟೆ. ಹೆಣ್ಣುಮಕ್ಕಳ ಒಳ್ಳೆಯದಕ್ಕೆಂದು ಬಚ್ಚಿಟ್ಟ ಗುಟ್ಟು ಹೆಣ್ಣುಮಗಳನ್ನೇ ತಿಂದಿತು. ಅವ್ವನನ್ನು ನಾನು ಕ್ಷಮಿಸಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮುಂಗೈ ಹಿಡಿಯುತ್ತಿದ್ದೆನೇನೋ, ಆದರೂ ಕ್ಷಮಿಸಿಲ್ಲ.

ರಾಜೀನಾಮೆ ನಾನೇ ಟೈಪು ಮಾಡಿದೆ. ಅಂಟುವ ಅಕ್ಷರಗಳನ್ನು ಉಗುರಿನಿಂದ ಎಬ್ಬಿಸುತ್ತ, ನನ್ನ ಸ್ವಂತ ಇಚ್ಛೆಯಿಂದ ಎಂದು ಹೊಡೆದೆ. ಅಪ್ಪನಿಗೂ ಅದನ್ನೇ ಹೇಳಿದೆ, ನನಗೇ ಬೇಸರವಾಗಿತ್ತು, ನಾನೇ ಬಿಟ್ಟೆ ಎಂದು. ಅವನು ಬಹಳ ಹೊತ್ತು ನನ್ನ ತುಟಿಯನ್ನು ನೋಡುತ್ತ ಕುಳಿತಿದ್ದ, ತಾನು ತಿಳಿದದ್ದು ಸರಿಯೋ ಅಲ್ಲವೋ ಎಂಬಂತೆ.

"ಬಿಡು ಅಂತ ಅವರು ಅನ್ನಲಿಲ್ಲ. ನೀನ ಬಿಟ್ಟಿ," ಎಂದ.

ಆ ಮಾತನ್ನು ಸಾಯುವ ತನಕ ಬಿಡಲಿಲ್ಲ. ಬಂದವರ ಮುಂದೆಲ್ಲ ಹೇಳಿದ, ಬೀಗರು ಬಂಗಾರದಂಥವರು, ನಮ್ಮ ಹುಡುಗಿಗೇ ಸುಖ ಹೆಚ್ಚಾಯಿತು, ಕೈಗೆ ಬಂದ ಸರಕಾರಿ ಅನ್ನ ಒದ್ದಳು ಎಂದು. ನಾನು ತವರಿಗೆ ಹೋದಾಗ ಚಹಾ ಕೊಡುತ್ತ ಎದುರಿಗೆ ಕುಳಿತರೆ, ಇಂದು ಏನೇನು ಮಾಡಿದೆ ಎಂದು ಅವನು ಮೊದಲಿನ ಹಾಗೆ ವಿಚಾರಿಸುತ್ತಿರಲಿಲ್ಲ. ತಂಗಿಯ ಮದುವೆ ಲಕ್ಷ್ಮೇಶ್ವರದಲ್ಲಿ ಚೆನ್ನಾಗಿಯೇ ಆಯಿತು. ಅದರ ನಿಶ್ಚಯಕ್ಕೆ ಮೋತ್ಯಾ ಬಂದಿದ್ದ, ಆ ಬೀಗರು ನಾಯಿಯ ತಲೆ ಸವರಿದರು. ಇಂಥದಕ್ಕೆಲ್ಲ ಏನೆನ್ನಬೇಕೋ ನನಗೆ ತಿಳಿಯುವುದಿಲ್ಲ. ಮುಂದೆ ಮೋತ್ಯಾ ಮುದುಕನಾಗಿ ಮಗ್ಗದ ಕೆಳಗೇ ಸತ್ತ. ಅಪ್ಪ ಮತ್ತೆ ದೈವಕ್ಕೆ ಹೋಗಲಿಲ್ಲ. ಮುದುಕನಿಗೆ ಸೊಕ್ಕು ಇನ್ನೂ ಹೆಚ್ಚಾಯಿತು ಎಂದರು ಓಣಿಯವರು. ಅವನು ತೀರಿಕೊಂಡ ಮೇಲೂ ಅವರಿಗೆ ಗೊತ್ತಾಗಲಿಲ್ಲ.

ನನ್ನ ಗಂಡ ಕೆಟ್ಟವನಲ್ಲ, ಮನೆತನವೂ ಕೆಟ್ಟದಲ್ಲ. ನಾಯಿ ಕಡಿಸಿಕೊಂಡಿದ್ದ ಆ ಕೂಸು ಈಗ ಎರಡು ಮಕ್ಕಳ ತಾಯಿ, ನನ್ನನ್ನು ಬಹಳ ಹಚ್ಚಿಕೊಂಡಿದ್ದಾಳೆ. ಆದರೆ ದಿನಾ ಬೆಳಿಗ್ಗೆ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಬಸ್ಸು ನಿಂತು ಕಂಡಕ್ಟರ್ ಗದಗ, ಗದಗ ಎಂದು ಕೂಗುತ್ತಾನೆ. ಡಬ್ಬಿ ಚೀಲ ಹಿಡಿದ ಹುಡುಗಿಯರು ಓಡಿಬಂದು ಹತ್ತುತ್ತಾರೆ. ನಾನು ಹೋಗಿ ಕಿಟಕಿ ಮುಚ್ಚುತ್ತೇನೆ. ಧೂಳು ಬರುತ್ತದೆ ಎಂದು ಮನೆಯವರಿಗೆ ಹೇಳಿಟ್ಟಿದ್ದೇನೆ.

ನಿನ್ನೆ ಸಂಜೆ ಸಭೆಗೆ ಹೋದೆ. ಟಾಮಿಯವರು ಸಿಟ್ಟಿನಿಂದ ಬಂದೇ ಇರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಯಲ್ಲಪ್ಪಜ್ಜ ಕುಳಿತಿದ್ದರು, ಕಾಲ ಬಳಿ ಅವರ ಕರಿ ನಾಯಿ. ಗದಗಿನ ಯಾವುದೋ ಅರಳೆ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು, ಈಗ ಮಗಳ ಮನೆಗೆ ಬಂದಿದ್ದಾರೆ. ಮಾತಾಡಿಸಿದರೆ ಮಾತಾಡುವುದಿಲ್ಲ, ಬಹಳ ಸೊಕ್ಕು ಎಂದು ನನ್ನ ಪಕ್ಕದವರು ಪಿಸುಗುಟ್ಟಿದರು. ಆ ಶಬ್ದ ಕಿವಿಗೆ ಬಿದ್ದ ಮೇಲೆ ನನ್ನ ಚಟ ನನ್ನನ್ನು ಬಿಡಲಿಲ್ಲ. ಎದ್ದು ಬೆಂಚಿನ ಹಿಂದೆ ಹೋಗಿ ಮೆಲ್ಲಗೆ, ಅಜ್ಜಾರ ಚಹಾ ಆತೇನ್ರಿ ಎಂದೆ. ನಾಯಿಯ ಒಂದು ಕಿವಿ ಹಿಂದಕ್ಕೆ ತಿರುಗಿತು, ಆಮೇಲೆ ತಲೆ ತಿರುಗಿತು. ಅಜ್ಜ ನಾಯಿಯನ್ನು ನೋಡಿದರು, ನಾಯಿ ನೋಡುತ್ತಿದ್ದ ಕಡೆ ನೋಡಿದರು. ನನ್ನನ್ನು ಕಂಡು ನಗುತ್ತ ತಲೆಯಾಡಿಸಿದರು, ಯಾವ ಪ್ರಶ್ನೆಗಾದರೂ ಸಲ್ಲುವ ಹಾಗೆ. ಇಷ್ಟು ವರ್ಷದಲ್ಲಿ ನನ್ನ ಮಾತು ಕೇಳದೆ ತಿರುಗಿದ ಮೊದಲಿಗರು ಅವರು.

ಕಾರ್ಯದರ್ಶಿ ಬೆಂಚಿನ ಪಕ್ಕದಲ್ಲೇ ನಿಂತು ಮಾತು ಶುರು ಮಾಡಿದರು. ಕೂಸುಗಳು ಇರುತ್ತವೆ, ಪಟಾಕಿ ಇರುತ್ತದೆ, ನಾಯಿ ಬೆದರಿ ಯಾರನ್ನಾದರೂ ಕಡಿದರೆ ಯಾರು ಹೊಣೆ? ಎಲ್ಲ ಸರಿಯಾದ ಮಾತುಗಳೇ. ಕೊನೆಗೆ ಎಲ್ಲಾರ ಒಪ್ಪಿಗಿ ಐತಿಲ್ರಿ, ಅಜ್ಜಾರ, ನಿಮ್ಮದೂ ಹೌದಿಲ್ರಿ ಎಂದರು. ನಾಲ್ಕು ಕಡೆಯಿಂದ ಹೌದು, ಹೌದು ಎಂಬ ಮಾತುಗಳು ಒಮ್ಮೆಲೇ ಎದ್ದವು. ನಾಯಿ ಯಾವ ಕಡೆ ನೋಡಬೇಕೆಂದು ತಿಳಿಯದೆ ಅತ್ತಿತ್ತ ತಲೆ ಹೊರಳಿಸಿತು. ಎಲ್ಲರ ಮುಖವೂ ಅಜ್ಜನ ಕಡೆ ತಿರುಗಿತು. ಅಜ್ಜನ ತಲೆ ಬಾಗಲು ಹತ್ತಿತು.

ನಾನು ಯಾವಾಗ ಅವರ ಎದುರಿಗೆ ಬಂದೆನೋ ಗೊತ್ತಿಲ್ಲ. ಬಾಯಿಗಿಂತ ಮೊದಲು ಕೈ ಎದ್ದಿತ್ತು. ಎರಡು ತೋರುಬೆರಳು ಕೂಡಿಸಿ ಸರಕ್ಕನೆ ಎಳೆದಿದ್ದೆ. ಮಗ್ಗದ ಭಾಷೆ ಅವರಿಗೆ ಬರುವುದಿಲ್ಲ, ಆದರೂ ತಲೆ ನಿಂತಿತು. ನಾನು ಅವರ ಮುಂದೆ ಹುಲ್ಲಿನ ಮೇಲೆ ಕುಳಿತು, ತುಟಿ ಬಿಡಿಸಿ ಬಿಡಿಸಿ ಹೇಳಿದೆ.

"ಅಜ್ಜಾರ, ಹಬ್ಬದ ದಿನ ನಾಯಿ ತರಬ್ಯಾಡ್ರಿ ಅಂತ ಕೇಳಾಕತ್ತಾರ. ನಿಮ್ಮ ಒಪ್ಪಿಗಿ ಐತೇನ್ರಿ?"

ಅವರು ಕೊನೆಯ ಅಕ್ಷರದವರೆಗೂ ನನ್ನ ತುಟಿ ನೋಡಿದರು. ನಾಯಿಯ ಬೆನ್ನ ಮೇಲೆ ಕೈ ಇಟ್ಟರು.

"ಇಲ್ಲ," ಎಂದರು. ದನಿ ಎಷ್ಟು ಜೋರಾಯಿತೆಂದು ತಿಳಿಯದವರ ಹಾಗೆ, ಇಡೀ ಗಾರ್ಡನ್ನಿಗೆ ಕೇಳುವಂತೆ ಎಂದರು.

ಆಮೇಲೆ ಕೈ ಎತ್ತಿಸಿದರು. ನಾಯಿ ಬೇಡವೆಂದೇ ತೀರ್ಮಾನವಾಯಿತು. ಅಜ್ಜ ಎದ್ದು ನಾಯಿಯ ಜೊತೆ ಹೊರಟುಹೋದರು, ಇನ್ನು ಹಬ್ಬಕ್ಕೆ ಅವರು ಬರುವುದಿಲ್ಲ. ಕಾರ್ಯದರ್ಶಿ ನನ್ನ ಹತ್ತಿರ ಬಂದು, ಅಕ್ಕಾರ, ನೀವು ನಾಯಿ ಬ್ಯಾಡ ಅನ್ನೋರು ಅಂತ ತಿಳಿದಿದ್ದೆ ಎಂದರು. ಹೌದು, ನಾಯಿ ಬ್ಯಾಡನ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆ ಅಜ್ಜನ ಗುಟ್ಟು ನನ್ನದಲ್ಲ, ಬಿಡಿಸಿ ಹೇಳಲಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಇಲ್ಲ ಎಂಬ ಆ ಒಂದು ಶಬ್ದವೇ ಕಿವಿಯಲ್ಲಿತ್ತು. ನನ್ನ ಸಲುವಾಗಿ ಅಪ್ಪ ಹಿಂದಿನ ದಿನವೇ ತಯಾರು ಮಾಡಿಟ್ಟುಕೊಂಡು ದೈವಕ್ಕೆ ಹೋಗಿದ್ದ ಶಬ್ದ ಅದು. ಬಾಗಿಲಲ್ಲಿ ನಿಂತು ನಾನು ಅದಕ್ಕಾಗಿಯೇ ಕಾದಿದ್ದೆ. ಇಷ್ಟು ವರ್ಷಕ್ಕೆ ಕೇಳಿದೆ, ನನ್ನ ಹೆಸರೂ ಗೊತ್ತಿಲ್ಲದ ಒಬ್ಬ ಮುದುಕನ ಬಾಯಿಂದ.